ಕೆಮ್ಮಿಗೆ ಕಾರಣ ಧೂಳೋ, ಔಷಧಿಯೋ?



ಸಿರುಗುಪ್ಪದಲ್ಲಿ ಭತ್ತದ ಹೊಟ್ಟು, ಕುರುಗೋಡಿನ ಕಡೆ ಮೆಣಸಿನಕಾಯಿ ಘಾಟು, ಬಳ್ಳಾರಿ ನಗರದಲ್ಲಿ ಅದಿರು ಲಾರಿಗಳು ಎಬ್ಬಿಸುವ ಕೆಂಧೂಳು. ಈ ಸೀಮೆಯಲ್ಲಿ ಯಾರಾದರೂ ಕೆಮ್ಮಿದರೆ ಕಾರಣಕ್ಕಾಗಿ ದೂರ ಹುಡುಕುವವರಿಲ್ಲ. ಆದರೆ ಕೆಮ್ಮುವವರು ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿದ್ದರೆ, ಅಥವಾ ಕೆಲವು ತಿಂಗಳ ಹಿಂದೆ ಮುಗಿಸಿದ್ದರೆ, ಧೂಳಿನ ಕೆಮ್ಮೆಂದು ಸುಮ್ಮನಿರಬಾರದು.

ಬ್ಲಿಯೋಮೈಸಿನ್ ಎಂಬ ಔಷಧಿಯನ್ನೇ ನೋಡೋಣ. ಜಪಾನಿನ ಹಮಾವೊ ಉಮೆಜಾವಾ ಮತ್ತು ಸಂಗಡಿಗರು 1960ರ ದಶಕದಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಇದನ್ನು ಬೇರ್ಪಡಿಸಿದರು. ಹಾಡ್ಕಿನ್ಸ್ ಲಿಂಫೋಮಾ, ವೃಷಣದ ಕ್ಯಾನ್ಸರ್ ಮೊದಲಾದವುಗಳಿಗೆ ಇದನ್ನು ಕೊಡುತ್ತಾರೆ. ಇದು ಕೆಲಸ ಮಾಡುವ ಬಗೆ ಅದಿರಿನ ನಾಡಿನವರಿಗೆ ಸ್ವಾರಸ್ಯವೆನಿಸೀತು: ದೇಹದೊಳಗಿನ ಕಬ್ಬಿಣದ ಅಯಾನನ್ನು ಹಿಡಿದುಕೊಂಡು, ಆಮ್ಲಜನಕದ ನೆರವಿನಿಂದ, ಕೋಶದ ಡಿ.ಎನ್.ಎ. ಎಳೆಗಳನ್ನು ಕತ್ತರಿಸುತ್ತದೆ. ಈ ಔಷಧಿಯನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದು ನಮ್ಮ ಬಹುತೇಕ ಅಂಗಗಳಲ್ಲಿದೆ. ಶ್ವಾಸಕೋಶ ಮತ್ತು ಚರ್ಮದಲ್ಲಿ ಮಾತ್ರ ತೀರ ಕಡಿಮೆ. ಪೆಟ್ಟು ಬೀಳುವುದು ಅಲ್ಲಿಗೇ. ವಯಸ್ಸಾದವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ, ಒಟ್ಟು ಪ್ರಮಾಣ 400 ಯೂನಿಟ್ ಮೀರಿದವರಿಗೆ ಅಪಾಯ ಹೆಚ್ಚು.

ಒಣ ಕೆಮ್ಮು, ನಡೆದರೆ ಏದುಸಿರು, ಕೆಲವೊಮ್ಮೆ ಜ್ವರ. ನೋಡುವುದಕ್ಕೆ ಕ್ಷಯದಂತೆ, ನ್ಯುಮೋನಿಯಾದಂತೆ! ಆದ್ದರಿಂದ ವೈದ್ಯರು ಸಿ.ಟಿ. ಸ್ಕ್ಯಾನ್, ಕಫ ಪರೀಕ್ಷೆಗಳನ್ನು ಮಾಡಿಸಿ, ಸೋಂಕು ಇದೆಯೇ ಎಂದು ನೋಡುತ್ತಾರೆ. ಸೋಂಕಲ್ಲ, ಔಷಧಿಯದೇ ಹಾವಳಿ ಎಂದಾದರೆ ಮೊದಲು ಮಾಡುವುದು ಆ ಔಷಧಿಯನ್ನು ನಿಲ್ಲಿಸುವುದು. ಅನಂತರ ಪ್ರೆಡ್ನಿಸೋಲೋನ್‌ನಂತಹ ಸ್ಟೀರಾಯ್ಡ್ ಕೊಟ್ಟು, ವಾರಗಟ್ಟಲೆ ಮುಂದುವರಿಸಿ, ನಿಧಾನವಾಗಿ ಪ್ರಮಾಣ ಇಳಿಸುತ್ತಾರೆ. ಉಸಿರು ಹಗುರವಾಯಿತೆಂದು ಮನೆಯಲ್ಲೇ ಮಾತ್ರೆ ಬಿಟ್ಟುಬಿಡುವುದು ಸಲ್ಲದು. ಉರಿಯೂತದ ಹಂತದಲ್ಲೇ ಗುರುತಿಸಿದರೆ ಶ್ವಾಸಕೋಶ ಚೇತರಿಸಿಕೊಳ್ಳಬಹುದು. ನಾರುಗಟ್ಟಿದ ಭಾಗ ಮರಳಿ ಮೊದಲಿನಂತಾಗದು.

ಆಮ್ಲಜನಕದ ವಿಚಾರ ಇನ್ನೂ ವಿಚಿತ್ರ. ಏದುಸಿರು ಬಿಡುವವರಿಗೆ ಅದನ್ನು ಧಾರಾಳವಾಗಿ ಕೊಡಬೇಕೆಂದು ಯಾರಿಗಾದರೂ ಅನಿಸುತ್ತದೆ. ಬ್ಲಿಯೋಮೈಸಿನ್ ಪಡೆದವರಿಗೆ ಅಗತ್ಯಕ್ಕಿಂತ ಹೆಚ್ಚು ಕೊಟ್ಟರೆ ಹಾನಿ ಹೆಚ್ಚಬಹುದು. ಮುಂದೆಂದಾದರೂ ಶಸ್ತ್ರಚಿಕಿತ್ಸೆಯಾದರೆ ಅರಿವಳಿಕೆ ವೈದ್ಯರಿಗೂ ಇದು ತಿಳಿದಿರಬೇಕು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಚುಚ್ಚುಮದ್ದು ಪಡೆದು ಊರಿಗೆ ಮರಳಿದವರು, ಕೆಮ್ಮು ಬಂದಾಗ ಹೋಗುವುದು ಹತ್ತಿರದ ವೈದ್ಯರಲ್ಲಿಗೆ. ಯಾವ ಔಷಧಿ, ಒಟ್ಟು ಎಷ್ಟು ಎಂಬುದು ಆ ವೈದ್ಯರಿಗೆ ಹೇಗೆ ಗೊತ್ತಾಗಬೇಕು? ಡಿಸ್‌ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ಅದನ್ನು ಓದಬಲ್ಲವರು ಎಷ್ಟೋ ಸಲ ನೀವೇ. ಅದರಲ್ಲಿ ಔಷಧಿಗಳ ಹೆಸರು ಹುಡುಕಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಜ್ಜನ ಜೊತೆ ಆಸ್ಪತ್ರೆಗೆ ಹೋಗುವಾಗ ಚೀಟಿಯೂ ಆ ಹಾಳೆಯೂ ನಿಮ್ಮ ಕೈಯಲ್ಲಿರಲಿ.