ತೂಕ ಹೊತ್ತ ಬ್ಯಾಟರಿ ಗಾಡಿ ಎಷ್ಟು ದೂರ ಓಡೀತು?

(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಹಾಲಿನ ಕ್ಯಾನು, ತರಕಾರಿ ಮೂಟೆ ಸಾಗಿಸಲು ಬ್ಯಾಟರಿ ಗಾಡಿಗೆ ಸಾಲ ಕೇಳುತ್ತಿದ್ದೀರಿ. ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಹೇಳುವ ಕಿಲೋಮೀಟರ್ ಲೆಕ್ಕ ಸಾಮಾನ್ಯವಾಗಿ ಒಬ್ಬರೇ ಕೂತು ಸಮತಟ್ಟು ರಸ್ತೆಯಲ್ಲಿ ಓಡಿಸಿದ್ದು. ನಮ್ಮ ಏರುದಾರಿಗೆ ಅದು ಹೊಂದೋದಿಲ್ಲ.

ಲೆಕ್ಕ ನೀವೇ ಹಾಕಿ. ಬ್ಯಾಟರಿ ಮೇಲಿನ ವೋಲ್ಟನ್ನು ಎ.ಎಚ್.ನಿಂದ ಗುಣಿಸಿ. 48 ವೋಲ್ಟ್, 20 ಎ.ಎಚ್. ಅಂದ್ರೆ 960 ವ್ಯಾಟ್-ಅವರ್. ಕರೆಂಟು ಬಿಲ್ಲಿನ ಒಂದು ಯೂನಿಟ್‌ಗೂ ಸ್ವಲ್ಪ ಕಡಿಮೆ. ಪೂರ್ತಿ ಖಾಲಿ ಮಾಡಬಾರದು, 750 ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ 20 ಖರ್ಚಾದರೆ 37 ಕಿ.ಮೀ.

ಇನ್ನು ಏರು. ಗಾಡಿ, ಸವಾರ, ಸಾಮಾನು ಸೇರಿ 200 ಕಿಲೋ ಆದರೆ, 100 ಮೀಟರ್ ಎತ್ತರ ಹತ್ತಲು ಸುಮಾರು 70 ಹೆಚ್ಚುವರಿ ಬೇಕು. ದಿನಕ್ಕೆ ಅಂಥ ನಾಲ್ಕು ಏರು ಇದ್ದರೆ 280 ಅಲ್ಲೇ ಹೋಯ್ತು. ಉಳಿದ 470ರಲ್ಲಿ 23 ಕಿ.ಮೀ. ಮಾತ್ರ. ಇಳಿಜಾರಿನಲ್ಲಿ ತುಸು ಉಳೀತದೆ ನಿಜ, ಅದನ್ನು ನಂಬಿ ಹೊರಡಬೇಡಿ.

ನೋಂದಣಿ ಬೇಡದ ಗಾಡಿಯ ಮೋಟರ್ 250 ವ್ಯಾಟಿಗಿಂತ ಕಡಿಮೆ. ಅಷ್ಟು ಶಕ್ತಿಯಲ್ಲಿ ಈ ತೂಕ ನೂರಡಿಗೆ ಐದಡಿ ಏರನ್ನು ಗಂಟೆಗೆ 7 ಕಿ.ಮೀ. ವೇಗದಲ್ಲಷ್ಟೇ ಹತ್ತೀತು; ಮೋಟರೂ ಕಾಯ್ತದೆ.

ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು, ತುಂಬಿದ ಕ್ಯಾನು ಕಟ್ಟಿ ನಮ್ಮೂರ ಏರು ಹತ್ತಿಸಿ ತೋರಿಸಿ ಅಂತ ಅಂಗಡಿಯವರನ್ನು ಕೇಳಿ.