ಸಿಪ್ಪೆ ಸುಲಿಯದ ಆಲೂಗಡ್ಡೆಯ ಬಣ್ಣ

ತೂಗುದೀಪದ ಕೆಳಗೆ, ಮೇಜಿನ ಸುತ್ತ ಐದು ಜನ. ನಡುವೆ ಎಲ್ಲರಿಗೂ ಒಂದೇ ತಟ್ಟೆ, ಅದರಲ್ಲಿ ಹಬೆಯಾಡುವ ಆಲೂಗಡ್ಡೆ. ಒಬ್ಬಾಕೆ ಬಟ್ಟಲುಗಳಿಗೆ ಕಾಫಿ ಬಗ್ಗಿಸುತ್ತಿದ್ದಾಳೆ. ಹುಡುಗಿಯೊಬ್ಬಳು ನಮಗೆ ಬೆನ್ನು ಹಾಕಿದ್ದಾಳೆ. ವಿನ್ಸೆಂಟ್ ವ್ಯಾನ್ ಗೋ 1885ರಲ್ಲಿ, ಹಾಲೆಂಡಿನ ನ್ಯೂನೆನ್ ಎಂಬ ಹಳ್ಳಿಯಲ್ಲಿ ಬರೆದ ‘ಆಲೂಗಡ್ಡೆ ತಿನ್ನುವವರು’ ಚಿತ್ರ ಇದು.

ಹಾಲೆಂಡಿನಲ್ಲಿ ರೈತರನ್ನು ಬರೆದವರಿಗೆ ಕೊರತೆಯಿರಲಿಲ್ಲ. ಹದಿನೇಳನೇ ಶತಮಾನದಲ್ಲೇ ಆಡ್ರಿಯಾನ್ ವಾನ್ ಒಸ್ಟಾಡೆಯಂಥವರು ಹೆಂಡದಂಗಡಿಯಲ್ಲಿ ಕುಡಿದು ಕುಣಿಯುವ, ಹೊಡೆದಾಡುವ ರೈತರನ್ನು ಚಿತ್ರಿಸಿದ್ದರು. ಅವು ಪಟ್ಟಣದವರು ನೋಡಿ ನಗಬಹುದಾದ ಚಿತ್ರಗಳು. ವ್ಯಾನ್ ಗೋ ನಗಲೂ ಇಲ್ಲ, ಅವರನ್ನು ಚೆಂದ ಮಾಡಿ ತೋರಿಸಲೂ ಇಲ್ಲ. ಚಳಿಗಾಲವೆಲ್ಲ ರೈತರ ಒಂದೊಂದೇ ಮುಖ ಬರೆಯುತ್ತಾ ಹೋದ; ಅಂಥವು ಸುಮಾರು 40 ಆದವು. ಮಾರ್ಚಿನಲ್ಲಿ ತಂದೆ ತೀರಿಕೊಂಡರು. ಆಗಲೂ ಕೆಲಸ ನಿಲ್ಲಿಸದೆ, ಡಿ ಗ್ರೂಟ್ ಎಂಬ ಕುಟುಂಬದ ಗುಡಿಸಿಲಿಗೆ ಹೋಗಿ ಕೂತು ಅವರ ರಾತ್ರಿಯೂಟವನ್ನು ಬರೆದ. ಮುಖಗಳಿಗೆ ಮೊದಲು ಹಚ್ಚಿದ ತಿಳಿಬಣ್ಣ ಅವನ ಮನಸ್ಸಿಗೆ ಬರಲಿಲ್ಲ. ಅದನ್ನೆಲ್ಲ ಮುಚ್ಚಿ, ಮಣ್ಣು ಮೆತ್ತಿದ, ಸಿಪ್ಪೆ ಸುಲಿಯದ ಆಲೂಗಡ್ಡೆಯ ಬಣ್ಣವನ್ನೇ ಬಳಿದ. ತಟ್ಟೆಗೆ ಚಾಚಿದ ಈ ಕೈಗಳೇ ನೆಲ ಅಗೆದ ಕೈಗಳು, ಇದು ಇವರು ಬೆವರು ಸುರಿಸಿ ಸಂಪಾದಿಸಿದ ಊಟ, ಅದು ನೋಡುವವರಿಗೆ ತಿಳಿಯಬೇಕು ಎಂದು ತಮ್ಮ ಥಿಯೋಗೆ ಕಾಗದ ಬರೆದ. ರೈತರ ಚಿತ್ರಕ್ಕೆ ಹೊಗೆಯ, ಆಲೂಗಡ್ಡೆ ಹಬೆಯ ವಾಸನೆ ಇದ್ದರೆ ತಪ್ಪೇನು, ಕೊಟ್ಟಿಗೆಗೆ ಸಗಣಿ ವಾಸನೆ ಇರಬೇಕಾದ್ದೇ ಎಂಬ ಮಾತೂ ಆ ಕಾಗದದಲ್ಲಿದೆ.

ಆ ಕೈಗಳನ್ನು ನಾನು ಎಷ್ಟು ಹೊತ್ತು ಬೇಕಾದರೂ ನೋಡಬಲ್ಲೆ. ಗೆಣ್ಣುಗಳು ಉಬ್ಬಿವೆ, ಬೆರಳುಗಳು ಸೊಟ್ಟಗಾಗಿವೆ. ಗೆಳೆಯ ರಾಪಾರ್ಡ್, ಅವನೂ ಚಿತ್ರಕಾರನೇ, ಇದರ ಕಲ್ಲಚ್ಚಿನ ಪ್ರತಿ ನೋಡಿ ಸಿಡಿದುಬಿದ್ದ. ಹೆಂಗಸಿನ ಕೈ ಸಹಜವಾಗಿಲ್ಲ, ಗಂಡಸಿನ ತೋಳು ತೀರಾ ಗಿಡ್ಡ ಎಂದ. ಆ ಗೆಳೆತನ ಮತ್ತೆ ಮೊದಲಿನಂತಾಗಲಿಲ್ಲ. ಕಲಾಶಾಲೆಯ ಅಳತೆಗೆ ರಾಪಾರ್ಡ್ ಹೇಳಿದ್ದು ಸರಿಯೇ ಇರಬಹುದು. ಆದರೆ ವರ್ಷಗಟ್ಟಲೆ ನೆಲ ಅಗೆದ ಕೈ ಆ ಅಳತೆಗೆ ಸಿಗುವುದಾದರೂ ಹೇಗೆ? ದುಡಿಯುವವರನ್ನು ಕಂಡರೆ ನಾವು ‘ಅಯ್ಯೋ ಪಾಪ’ ಎನ್ನುತ್ತೇವೆ, ಇಲ್ಲವೇ ‘ಅನ್ನದಾತ’ ಎಂದು ಕೈಮುಗಿಯುತ್ತೇವೆ. ಎರಡೂ ಮಾತು ದೂರ ನಿಂತು ಆಡುವಂಥವು. ವ್ಯಾನ್ ಗೋ ಹೋಗಿ ಅವರ ಪಕ್ಕದಲ್ಲೇ ಕೂತ.

ಅವನು ಈ ಚಿತ್ರವನ್ನು ಕೊನೆತನಕ ಬಿಟ್ಟುಕೊಡಲಿಲ್ಲ. ಎರಡು ವರ್ಷದ ಮೇಲೆ, ಪ್ಯಾರಿಸ್ಸಿನಲ್ಲಿ ಹೊಳೆಯುವ ಬಣ್ಣಗಳನ್ನು ಕಲಿತಾಗಲೂ, ತನ್ನ ಕೆಲಸದಲ್ಲೆಲ್ಲ ಇದೇ ಮೇಲು ಎಂದು ತಂಗಿಗೆ ಬರೆದ. 1890ರಲ್ಲಿ, ದಕ್ಷಿಣ ಫ್ರಾನ್ಸಿನ ಆಸ್ಪತ್ರೆಯಲ್ಲಿದ್ದಾಗ, ಅದೇ ಚಿತ್ರವನ್ನು ಮತ್ತೆ ಬರೆಯಬೇಕೆಂದು ಹಳೆಯ ರೇಖಾಚಿತ್ರಗಳನ್ನು ಕಳಿಸಲು ಕೇಳಿದ. ಕೆಲವು ಕರಡುಗಳಷ್ಟೇ ಆದವು. ಆ ಜುಲೈನಲ್ಲಿ ತೀರಿಕೊಂಡ.