ಓಡುವ ಯಂತ್ರದ ನೆನಪಿನ ಪಡಿಯಚ್ಚು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂದು ಕಂಪ್ಯೂಟರಿನ ಕೆಲಸದಲ್ಲಿದ್ದಾರೆ. ನಡುರಾತ್ರಿ ಫೋನು ಬಂದಾಗ ಅವರು ಎದ್ದು ಕುಳಿತು ಮಾಡುವುದೇನೆಂದು ಹಿರಿಯರು ಕೇಳುವುದುಂಟು. ಅದನ್ನೇ ಎರಡು ಮಾತಿನಲ್ಲಿ ಹೇಳುತ್ತೇನೆ.

ಓಡುತ್ತಿರುವ ಪ್ರೋಗ್ರಾಮು ತನ್ನ ಲೆಕ್ಕವನ್ನೆಲ್ಲ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಅದು ಸಿಕ್ಕಿಕೊಂಡು ನಿಂತಾಗ ಗಾಬರಿಯಿಂದ ಮುಚ್ಚಿ ಮತ್ತೆ ತೆರೆದರೆ ಕೆಲಸವೇನೋ ಸಾಗುತ್ತದೆ. ಆದರೆ ಮೆಮೊರಿ ಅಳಿದು ರೋಗದ ಗುರುತೂ ಹೋಗುತ್ತದೆ. ನಾನೂ ಒಮ್ಮೆ ಹಾಗೆಯೇ ಮಾಡಿದೆ. ಅದೇ ತೊಂದರೆ ಮತ್ತೆ ಮೂರು ರಾತ್ರಿ ಮರಳಿ ಬಂದು ಪಾಠ ಕಲಿಸಿತು.

ಆದ್ದರಿಂದ ಮೊದಲು ಮೆಮೊರಿಯ ಪಡಿಯಚ್ಚು ತೆಗೆಯಬೇಕು. ಇದಕ್ಕೆ 'ಕೋರ್ ಡಂಪ್' ಎಂದು ಹೆಸರು. ಹಿಂದೆ ಮೆಮೊರಿಯನ್ನು ಫೆರೈಟಿನ ಸಣ್ಣ ಉಂಗುರಗಳಿಂದ ಹೆಣೆಯುತ್ತಿದ್ದರು. ಒಂದೊಂದು ಉಂಗುರವೂ ಒಂದು 'ಕೋರ್'. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸಕ್ಕೆ ತೊಡಗಿದ 'ಟಿಫ್ರ್ಯಾಕ್' ಯಂತ್ರದಲ್ಲಿಯೂ ಇಂಥವೇ ಇದ್ದುವು. ಉಂಗುರ ಹೋಯಿತು, ಹೆಸರು ಉಳಿಯಿತು.

ಲಿನಕ್ಸಿನಲ್ಲಿ 'ಜಿಕೋರ್' ಎಂಬ ಆಜ್ಞೆಯುಂಟು. ಅದು ಪ್ರೋಗ್ರಾಮನ್ನು ಸ್ವಲ್ಪ ತಡೆದು, ಪ್ರತಿ ತೆಗೆದು, ಮತ್ತೆ ಓಡಲು ಬಿಡುತ್ತದೆ. ಮೆಮೊರಿ ದೊಡ್ಡದಾದಷ್ಟೂ ತಡೆ ಹೆಚ್ಚು. ಪ್ರೋಗ್ರಾಮು ಎಲ್ಲಿ ನಿಂತಿತ್ತು, ಯಾವುದಕ್ಕಾಗಿ ಕಾಯುತ್ತಿತ್ತು ಎಂಬುದನ್ನು ಆಮೇಲೆ ನಿಧಾನವಾಗಿ ಪರೀಕ್ಷಿಸಬಹುದು. ಮೆಮೊರಿ ಸುಮ್ಮನೆ ಬೆಳೆಯುತ್ತಲೇ ಇದ್ದರೆ, ಹೊತ್ತು ಬಿಟ್ಟು ಎರಡು ಪ್ರತಿ ತೆಗೆದು ಹೋಲಿಸಬೇಕು.

ಒಂದು ಎಚ್ಚರಿಕೆ. ಆ ಪ್ರತಿಯಲ್ಲಿ ಜನರ ಪಾಸ್‌ವರ್ಡು, ಖಾತೆಯ ವಿವರಗಳೂ ಇದ್ದಾವು. ಕಂಡವರಿಗೆಲ್ಲ ಕಳುಹಬಾರದು, ಕೆಲಸ ಮುಗಿದೊಡನೆ ಅಳಿಸಬೇಕು.

ತರುಣರೇ, ಮೊದಲು ಗುರುತು ಉಳಿಸಿಕೊಳ್ಳಿರಿ, ಆಮೇಲೆ ದುರಸ್ತಿ. ಹಿರಿಯರೇ, ಆ ರಾತ್ರಿ ಅವರಿಗೊಂದು ಲೋಟ ಕಾಫಿ ಕೊಟ್ಟರೆ ಸಾಕು.